ಕಂತಿ ಕುಡಿದ ತೈಲ

ಬಿಳಿಕೆರೆ ಸಮೀಪದ ಗೊಮ್ಮಟಗಿರಿಯನ್ನು ನಿಮ್ಮಲ್ಲಿ ಅನೇಕರು ಹತ್ತಿ ಇಳಿದಿದ್ದೀರಿ. ಕೃಷ್ಣರಾಜನಗರದ ಕಡೆಯ ಚಿಕ್ಕಹನಸೋಗೆಯಂತೂ ಒಂದು ಕಾಲಕ್ಕೆ ಜೈನ ಮುನಿಗಳ ದೊಡ್ಡ ಕೇಂದ್ರವಾಗಿತ್ತು. ನಮ್ಮ ಸೀಮೆಯ ಈ ಪರಂಪರೆಯಲ್ಲಿ ಮುನಿಗಳ ಮಾತು ಬಂದಷ್ಟು ಸನ್ಯಾಸಿನಿಯರ ಮಾತು ಬರುವುದಿಲ್ಲ. ಆದಕಾರಣ ಇಂದು ಕಂತಿಯ ವಿಚಾರವಾಗಿ ನಾಲ್ಕು ಮಾತು.

ಕನ್ನಡದ ಮೊದಲ ಕವಯಿತ್ರಿ ಎಂಬ ಗೌರವ ಪರಂಪರೆಯಿಂದ ಕಂತಿಗೆ ಸಂದಿದೆ. ಆಕೆ 12ನೆಯ ಶತಮಾನದ ಆರಂಭದಲ್ಲಿ ದೋರಸಮುದ್ರದ ಹೊಯ್ಸಳ ಆಸ್ಥಾನದಲ್ಲಿದ್ದಳೆಂದೂ, ಅಭಿನವ ಪಂಪನೆನಿಸಿದ ನಾಗಚಂದ್ರನು ಒಡ್ಡಿದ ಸಮಸ್ಯೆಗಳನ್ನು ನಿಂತ ನಿಲುವಿನಲ್ಲೇ ಪೂರೈಸುತ್ತಿದ್ದಳೆಂದೂ ಪ್ರತೀತಿ. ವಿಷಾದದ ಸಂಗತಿಯೆಂದರೆ, ‘ಕಂತಿ’ ಎಂಬುದು ಹೆಸರೇ ಅಲ್ಲ. ಜೈನ ಸನ್ಯಾಸಿನಿ ಎಂದಷ್ಟೇ ಅದರ ಅರ್ಥ. ಹೆತ್ತವರು ಇಟ್ಟ ಹೆಸರೂ ದೀಕ್ಷೆಯ ಹೆಸರೂ ಅಳಿದು, ವೇಷದ ಹೆಸರೊಂದೇ ಉಳಿದಿದೆ.

ಆಕೆಗೆ ವಿದ್ಯೆ ಬಂದ ಬಗೆಯನ್ನು ಕನಕಗಿರಿಯ ದೇವಚಂದ್ರನು 19ನೆಯ ಶತಮಾನದ ತನ್ನ ‘ರಾಜಾವಳಿ ಕಥೆ’ಯಲ್ಲಿ ಹೇಳುತ್ತಾನೆ. ಉಪಾಧ್ಯಾಯನೊಬ್ಬನು ಮಂದಮತಿಗಳಾದ ಶಿಷ್ಯರಿಗೆಂದು ಜ್ಯೋತಿಷ್ಮತಿ ತೈಲವನ್ನು ಸಿದ್ಧಪಡಿಸಿದ್ದನಂತೆ. ಕಂತಿ ಅದನ್ನು ಕುಡಿದುಬಿಟ್ಟು, ಉರಿ ತಾಳಲಾರದೆ ಬಾವಿಗೆ ಹಾರಿ, ಅಲ್ಲಿಂದಲೇ ಕವಿತೆ ಹೇಳತೊಡಗಿದಳಂತೆ! ಎಸ್‌ಎಸ್‌ಎಲ್‌ಸಿ ಪರೀಕ್ಷೆ ಹತ್ತಿರವಾದಾಗ ಜ್ಞಾಪಕಶಕ್ತಿಯ ಔಷಧಿ ಹುಡುಕುವ ತಂದೆತಾಯಿಗಳಿಗೆ ಈ ಕಥೆ ಹಿಡಿಸೀತು. ಮೇಷ್ಟ್ರಾದ ನನಗೆ ಹಿಡಿಸದು. ಪುರುಷನು ಕವಿಯಾದರೆ ಅದು ವ್ಯಾಸಂಗ, ಹೆಣ್ಣು ಕವಿಯಾದರೆ ತೈಲವೇ?

ಶಾಸನಗಳು ಬೇರೆಯ ಮಾತನ್ನೇ ಆಡುತ್ತವೆ. ಶ್ರವಣಬೆಳಗೊಳದ ಚಂದ್ರಗಿರಿಯಲ್ಲಿ ಸುಮಾರು ಕ್ರಿ.ಶ. 700ರ ಬಂಡೆಗಲ್ಲಿನ ಬರಹವೊಂದಿದೆ. ಚಿತ್ತೂರಿನ ಮೌನಿಗುರುವಿನ ಶಿಷ್ಯೆ ನಾಗಮತಿ ಕಂತಿ ಮೂರು ತಿಂಗಳು ನೋಂತು ದೇಹ ತ್ಯಜಿಸಿದಳೆಂದು ಅದು ತಿಳಿಸುತ್ತದೆ. ಹೆಸರೂ ಇದೆ, ಗುರುವೂ ಇದ್ದಾನೆ. ಅಂದಮೇಲೆ ಹೆಣ್ಣಿಗೂ ಗುರುಶಿಷ್ಯ ಪರಂಪರೆಯಲ್ಲಿ ಸ್ಥಾನವಿತ್ತು. ಕಂತಿಯ ವಿದ್ಯೆ ಬಂದಿದ್ದರೆ ಆ ದಾರಿಯಿಂದಲೇ ಬಂದಿರಬೇಕು.

ಅದೇ ಶತಮಾನದಲ್ಲಿ ಜರ್ಮನಿಯಲ್ಲಿ ಹಿಲ್ಡೆಗಾರ್ಡ್ (1098-1179) ಎಂಬ ಸನ್ಯಾಸಿನಿ ಇದ್ದಳು. ದೈವದರ್ಶನ, ಗಿಡಮೂಲಿಕೆ, ವೈದ್ಯ, ಸಂಗೀತ ಎಲ್ಲದರಲ್ಲೂ ಕೃಷಿ ಮಾಡಿದವಳು. ಆಕೆಯೂ ತನ್ನನ್ನು ವಿದ್ಯೆಯಿಲ್ಲದ ಅಬಲೆಯೆಂದು ಕರೆದುಕೊಂಡು, ತಿಳಿವೆಲ್ಲ ದಿವ್ಯಜ್ಯೋತಿಯಿಂದ ಬಂತೆಂದಳು. ಆದರೆ ಆಕೆಯ ಬರಹಗಳನ್ನು ಮಠದಲ್ಲಿ ಬೃಹತ್ ಗ್ರಂಥವೊಂದರಲ್ಲಿ ಪ್ರತಿಮಾಡಿಟ್ಟರು. ಅದು ಇಂದಿಗೂ ವೀಸ್‌ಬಾಡೆನ್ ನಗರದ ಗ್ರಂಥಾಲಯದಲ್ಲಿದೆ. 2012ರಲ್ಲಿ ಪೋಪ್ ಹದಿನಾರನೆಯ ಬೆನೆಡಿಕ್ಟರು ಆಕೆಯನ್ನು ಚರ್ಚಿನ ಆಚಾರ್ಯರ ಸಾಲಿಗೆ ಸೇರಿಸಿದರು. ಜ್ಯೋತಿಯ ಮಾತನ್ನು ನಂಬಲಿ, ಬಿಡಲಿ, ಓದಿ ನೋಡಲು ಗ್ರಂಥವಿದೆ. ಕಂತಿಯ ಪಾಲಿಗೆ ಉಳಿದಿರುವುದು ಕೆಲವು ಸಮಸ್ಯಾಪದ್ಯಗಳು ಮಾತ್ರ. ಅವೂ ಆಕೆಯವೇ ಎಂಬುದರಲ್ಲಿ ವಿದ್ವಾಂಸರಿಗೆ ಸಂಶಯವಿದೆ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮಲ್ಲಿ ಹಲವರೀಗ ಹೆಣ್ಣುಮಕ್ಕಳ ತಂದೆತಾಯಿಗಳು. ಮಗಳು ಒಳ್ಳೆಯ ಅಂಕ ತಂದಾಗ ಅದೃಷ್ಟವೆನ್ನದೆ, ಎಷ್ಟು ಹೊತ್ತು ಓದಿದಳೆಂದು ಕೇಳಿ. ಅವಳು ಬರೆದ ನೋಟುಪುಸ್ತಕದ ಮೇಲೆ ಅವಳ ಪೂರ್ಣ ಹೆಸರನ್ನು ಬರೆಸಿ, ಒಂದನ್ನಾದರೂ ಜೋಪಾನವಾಗಿ ಎತ್ತಿಡಿ.