ಶ್ರುತಿ ಇಳಿಸಿದ ಗಿಟಾರ್

ನಮ್ಮನೆಯಲ್ಲಿ ಹಾಡು ಅಂದ್ರೆ ಸಿ. ಅಶ್ವತ್ಥ್, ಪಿ.ಬಿ. ಶ್ರೀನಿವಾಸ್, ಶನಿವಾರ ಸಂಜೆಯ ಭಜನೆ. ನಾನೂ ಐದಾರು ವರ್ಷ ಸಂಗೀತ ಪಾಠಕ್ಕೆ ಹೋದವಳು. ಅಂಥವಳ ಫೋನಿನಲ್ಲಿ ಈಗ ಬ್ಲ್ಯಾಕ್ ಸಬ್ಬತ್, ಐರನ್ ಮೇಡನ್, ಮೆಟಾಲಿಕಾ ತುಂಬಿಕೊಂಡಿವೆ. 'ಏನೇ ಇದು, ಮಿಕ್ಸಿ ಕೆಟ್ಟ ಹಾಗೆ' ಅಂತಾಳೆ ಅಮ್ಮ. ಎಂಟು ತಿಂಗಳಿಂದ ನಾನು ಹೆವಿ ಮೆಟಲ್ ಕೇಳ್ತಿದೀನಿ.

ಹಿಡಿಸಿದ್ದು ನಮ್ಮ ಟೀಮ್ ಲೀಡ್. 2007ರ ಮಾರ್ಚ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೆ ಐರನ್ ಮೇಡನ್ ಬಂದಾಗಲೂ, 2011ರಲ್ಲಿ ಮೆಟಾಲಿಕಾ ಬಂದಾಗಲೂ ಅವರು ಗುಂಪಿನಲ್ಲಿದ್ದರಂತೆ. ಈಗಲೂ ಆ ಎರಡು ಸಂಜೆಗಳನ್ನು ಸ್ವಂತ ಮದುವೆಗಿಂತ ಚೆನ್ನಾಗಿ ವರ್ಣಿಸ್ತಾರೆ. ಅವರು ಕೊಟ್ಟ ಸಲಹೆ ಒಂದೇ: ಹಳೇದರಿಂದ ಶುರು ಮಾಡು, ಗಂಟಲು ಹರಿಯೋ ಹಾಗೆ ಗುಟುರು ಹಾಕೋ ಬ್ಯಾಂಡುಗಳು ಆಮೇಲೆ. ನನ್ನದೂ ಒಂದು ಸೇರಿಸ್ತೀನಿ. ಮೊದಲ ಸಲ ಮಾತು ಅರ್ಥ ಮಾಡ್ಕೊಳ್ಳೋಕೆ ಹೋಗಬೇಡಿ, ಡ್ರಮ್ಸ್ ಹಿಡ್ಕೊಳ್ಳಿ. ತೊಡೆ ಮೇಲೆ ತಾಳ ಹಾಕ್ತಾ ಕೂತರೆ ಎರಡನೇ ಸಲಕ್ಕೆ ಬೇಸ್ ಗಿಟಾರ್ ಬೇರೆಯಾಗಿ ಕೇಳುತ್ತೆ. ಮೂರನೇ ಸಲಕ್ಕೆ ಗದ್ದಲ ಅನ್ನಿಸಿದ್ದು ನಾಲ್ಕು ಜನರಾಗಿ ಬಿಡಿಬಿಡಿಯಾಗುತ್ತೆ.

ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಂ ಬಂದದ್ದು 1970ರ ಫೆಬ್ರುವರಿ 13ರಂದು. ಮೊದಲ ಹಾಡು ಮಳೆ ಸದ್ದಿನಿಂದ ಶುರು. ದೂರದಲ್ಲೊಂದು ಗಂಟೆ. ಆಮೇಲೆ ಗಿಟಾರ್ ನುಡಿಸೋದು ಬರೀ ಮೂರು ಸ್ವರ: ಷಡ್ಜ, ತಾರ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಮೆಟ್ರೋದಲ್ಲಿ ನಿಂತಿದ್ದವಳಿಗೆ ಮೈ ಜುಮ್ಮೆಂದಿತು. ಕಲ್ಯಾಣಿ ರಾಗದಲ್ಲಿ ಇದೇ ಪ್ರತಿಮಧ್ಯಮವನ್ನು ನಾನು ಎಷ್ಟು ಸಲ ಹಾಡಿಲ್ಲ! ಅಲ್ಲಿ ಅದು ದೀಪ ಹಚ್ಚಿದ ಹಾಗಿರುತ್ತೆ. ಇಲ್ಲಿ ಅದೇ ಸ್ವರ ನಡುಗುತ್ತಾ ನಿಂತುಬಿಡುತ್ತೆ, ಬಾಗಿಲ ಹಿಂದೆ ಯಾರೋ ಇದ್ದಾರೆ ಅನ್ನೋ ಥರ.

ಎಲ್ಲವೂ ಇಷ್ಟ ಆಯ್ತು ಅಂತೇನಿಲ್ಲ. ತಲೆಬುರುಡೆಯ ಚಿತ್ರಗಳು ನನಗೆ ಮಕ್ಕಳಾಟ ಅನ್ನಿಸ್ತವೆ, ಕೆಲವು ಗಿಟಾರ್ ಸೋಲೋಗಳು ಮುಗಿಯೋದೇ ಇಲ್ಲ. ಆದರೆ ಮೆಟಾಲಿಕಾದ 1988ರ 'ಒನ್' ಹಾಡಿನ ವಸ್ತು ಯುದ್ಧದಲ್ಲಿ ಕೈಕಾಲು, ಕಣ್ಣು, ಮಾತು ಎಲ್ಲ ಕಳಕೊಂಡು ಆಸ್ಪತ್ರೆಯಲ್ಲಿ ಬಿದ್ದಿರೋ ಸೈನಿಕ. ಅಷ್ಟು ದೊಡ್ಡ ದುಃಖಕ್ಕೆ ಅಷ್ಟು ದೊಡ್ಡ ಸದ್ದು ಬೇಕಿತ್ತು.

ನನ್ನನ್ನು ನಿಜಕ್ಕೂ ಹಿಡಿದು ನಿಲ್ಲಿಸಿದ್ದು ಬ್ಲ್ಯಾಕ್ ಸಬ್ಬತ್‌ನ ಗಿಟಾರ್ ವಾದಕ ಟೋನಿ ಅಯೋಮಿಯ ಕಥೆ. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್, ತಗಡಿನ ಕಾರ್ಖಾನೆ, ವಯಸ್ಸು 17. ಕೆಲಸದ ಕೊನೆಯ ದಿನ ಮಷೀನಿಗೆ ಸಿಕ್ಕಿ ಬಲಗೈಯ ಎರಡು ಬೆರಳ ತುದಿ ಹೋದವು. ಆತ ಎಡಚ, ಹಾಗಾಗಿ ತಂತಿ ಒತ್ತೋ ಕೈ ಅದೇ. ಇನ್ನು ಗಿಟಾರ್ ಸಾಕು ಅಂತ ಕೂತವನಿಗೆ ಫ್ಯಾಕ್ಟರಿಯ ಮೇಲಧಿಕಾರಿ ಜಾಂಗೋ ರೈನ್‌ಹಾರ್ಟ್ ರೆಕಾರ್ಡ್ ಕೇಳಿಸಿದರು. ಬೆಂಕಿ ಅಪಘಾತದಲ್ಲಿ ಎರಡು ಬೆರಳು ಸ್ವಾಧೀನ ತಪ್ಪಿದ ಮೇಲೂ ಗಿಟಾರ್ ನುಡಿಸಿದ ದೊಡ್ಡ ಕಲಾವಿದ ಜಾಂಗೋ. ಅಯೋಮಿ ಪಾತ್ರೆ ತೊಳೆಯೋ ಲಿಕ್ವಿಡ್‌ನ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡ್ಕೊಂಡ, ಮೇಲೆ ಚರ್ಮ ಅಂಟಿಸಿದ. ಸಪೂರ ತಂತಿ ಹಾಕಿದ. 1971ರ ಮೂರನೇ ಆಲ್ಬಂ ಹೊತ್ತಿಗೆ ಕೆಲವು ಹಾಡುಗಳಲ್ಲಿ ಶ್ರುತಿಯನ್ನೇ ಇಳಿಸಿದ. ತಂತಿ ಸಡಿಲವಾದರೆ ಬೆರಳಿಗೆ ನೋವು ಕಮ್ಮಿ. ಆ ತಗ್ಗಿದ ಶ್ರುತಿಯ ಭಾರವಾದ ನಾದವೇ ಮುಂದೆ ಎಷ್ಟೋ ಬ್ಯಾಂಡುಗಳು ಹಿಡಿದ ದಾರಿಯಾಯ್ತು.

ಅಪ್ಪ 22 ವರ್ಷ ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿದ್ದವರು. ನಾನು ಏಳನೇ ಕ್ಲಾಸಿನಲ್ಲಿದ್ದಾಗ ಅವರ ಬಲಗೈಯ ತೋರುಬೆರಳು, ಮಧ್ಯದ ಬೆರಳಿನ ತುದಿ ಹೋದವು. ಭಜನೆಗೆ ಹಾರ್ಮೋನಿಯಂ ನುಡಿಸ್ತಿದ್ದವರು ಅವರೇ. ಪೆಟ್ಟಿಗೆ ಅಟ್ಟ ಸೇರಿತು. ಆ ವಿಷಯ ನಮ್ಮನೇಲಿ ಯಾರೂ ಎತ್ತೋದಿಲ್ಲ.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಅಯೋಮಿಯ ಕಥೆ ಹೇಳಿದೆ. ಅಪ್ಪ ಹಾಡಿನ ಬಗ್ಗೆ ಏನೂ ಕೇಳಲಿಲ್ಲ. 'ಯಾವ ಬೆರಳು?' ಅಂದ್ರು.

'ಮಧ್ಯದ್ದು, ಉಂಗುರದ್ದು.'

'ಪ್ಲಾಸ್ಟಿಕ್ ಆದ್ರೆ ತಂತಿ ಮೇಲೆ ಜಾರುತ್ತಲ್ಲ?'

'ಅದಕ್ಕೇ ಚರ್ಮ ಅಂಟಿಸಿದ್ದು.'

'ಹೂಂ... ಬುದ್ಧಿವಂತ.' ಸ್ವಲ್ಪ ಹೊತ್ತು ಸುಮ್ಮನಿದ್ದು, ತಮ್ಮ ಪ್ರೆಸ್ಸಿನ ಮಾತು ತಾವಾಗಿ ತೆಗೆದರು. ಎರಡೂ ಕೈಯಿಂದ ಬಟನ್ ಒತ್ತಿದ್ರೆ ಮಾತ್ರ ಇಳಿಯಬೇಕಾದ ಮಷೀನು ಅದು. ಪೀಸ್ ಬೇಗ ಬರಲಿ ಅಂತ ಒಂದು ಬಟನ್ನಿಗೆ ಬೈಪಾಸ್ ಹಾಕಿಸಿದ್ರಂತೆ. ಇಷ್ಟು ವರ್ಷದಲ್ಲಿ ನಾನು ಅದನ್ನು ಕೇಳಿದ್ದು ಅವತ್ತೇ. ಒಳಗೆ ಅಮ್ಮನ ಕುಕ್ಕರ್ ಕೂಗಿದರೂ ಅವರು ನಿಲ್ಲಿಸಲಿಲ್ಲ.

ಆಮೇಲೆ ಹೆಡ್‌ಫೋನ್ ಕೊಟ್ಟೆ. ಆ ಮೊದಲ ಹಾಡನ್ನೇ ಹಾಕಿದೆ. ಕಣ್ಣು ಮುಚ್ಚಿ ಆರು ನಿಮಿಷ ಪೂರ್ತಿ ಕೇಳಿದರು. 'ಹಾಡೋನು ಯಾಕೆ ಅಷ್ಟು ಹೆದರಿದ್ದಾನೆ?' ಅಂದ್ರು. ಹಾಡಿನಲ್ಲಿರೋದು ನಿಜಕ್ಕೂ ಅದೇ, ಎದುರು ಬಂದು ನಿಂತ ಕಪ್ಪು ಆಕೃತಿಯನ್ನು ಕಂಡು ಹೆದರಿದವನ ಕೂಗು. ಇಂಗ್ಲಿಷ್ ಅಷ್ಟಾಗಿ ಬಾರದ ಅಪ್ಪನಿಗೆ ಅದು ದನಿಯಲ್ಲೇ ಸಿಕ್ಕಿತ್ತು.

ತೆಗೀತಾರೆ ಅಂತ ಕೈ ಚಾಚಿದೆ. ತೆಗೀಲಿಲ್ಲ. ಎರಡನೇ ಹಾಡು ಶುರುವಾಗಿತ್ತು. ನನಗೆ ಕೇಳಿಸದ ಆ ಸದ್ದಿಗೆ ಅವರ ಬೆರಳು ಮೊರದ ಅಂಚಿನ ಮೇಲೆ ಆಡ್ತಿತ್ತು.

'ಮೌತ್ ಆರ್ಗನ್ ಕಣೇ ಇದು!' ಅಂದ್ರು, ಹೆಡ್‌ಫೋನ್ ಹಾಕಿಕೊಂಡವರು ಕೂಗೋ ಹಾಗೆ ಜೋರಾಗಿ.