ಹಾವರ್ತಿನ ಊಟದ ಮೇಜು

ಯಾರ್ಕ್‌ಷೈರಿನ ಹಾವರ್ತ್ ಎಂಬ ಸಣ್ಣ ಊರು, ತನ್ನನ್ನು ನೋಡಬಂದವನ ವಿದ್ವತ್ತನ್ನು ವಿಚಾರಿಸುವುದಕ್ಕೆ ಮೊದಲು ಆತನ ಮೊಣಕಾಲುಗಳನ್ನು ಪರೀಕ್ಷಿಸುತ್ತದೆ. ಕಣಿವೆಯ ತಳದ ರೈಲು ನಿಲ್ದಾಣದಿಂದ ಹೊರಟು, ಏರುಬೀದಿಯನ್ನು ಹತ್ತಿ, ಇಗರ್ಜಿಯನ್ನು ಬಳಸಿ, ಅದರ ಸ್ಮಶಾನದ ಆಚೆಗಿರುವ ಪಾದ್ರಿಯ ಮನೆಯ ಬಾಗಿಲನ್ನು ಮುಟ್ಟುವ ವೇಳೆಗೆ, ಸಾಹಿತ್ಯಾಭಿಮಾನವೆಂಬುದು ಬಹುಮಟ್ಟಿಗೆ ಶ್ವಾಸಕೋಶವನ್ನು ಆಶ್ರಯಿಸಿದ ಗುಣವೆಂದು ನನ್ನಂಥ ಸ್ಥೂಲಕಾಯನಿಗೆ ಮನವರಿಕೆಯಾಗುತ್ತದೆ. ಭಾರವೆಳೆಯುವ ಕುದುರೆಗಳ ಗೊರಸು ಜಾರದಿರಲೆಂದು ಆ ಬೀದಿಯ ಹಾಸುಗಲ್ಲುಗಳನ್ನು ಹಿಂದಿನವರು ಅಡ್ಡಡ್ಡಲಾಗಿ ಕೂಡಿಸಿದರಂತೆ. ಕುದುರೆಗಳು ಹೋದವು, ಅವುಗಳ ಸ್ಥಾನದಲ್ಲಿ ಈಗ ನಾವು. ಇಕ್ಕೆಲದ ಅಂಗಡಿಗಳಲ್ಲಿ ಚಹದ ಬಟ್ಟಲಿನ ಮೇಲೂ ಕರವಸ್ತ್ರದ ಮೇಲೂ ಬ್ರಾಂಟೆ ಎಂಬ ಹೆಸರು. ಬದುಕಿದ್ದಾಗ ಪುಸ್ತಕದ ಮೇಲೆ ಸ್ವಂತ ಹೆಸರನ್ನು ಹಾಕಿಕೊಳ್ಳಲು ಒಪ್ಪದೆ, ಗಂಡಸಿನದೋ ಹೆಂಗಸಿನದೋ ತಿಳಿಯದ ಕರೆರ್, ಎಲಿಸ್, ಆಕ್ಟನ್ ಬೆಲ್ ಎಂಬ ನಾಮಗಳ ಮರೆಯಲ್ಲಿ ನಿಂತಿದ್ದ ಷಾರ್ಲೆಟ್, ಎಮಿಲಿ, ಆನ್ ಎಂಬ ಮೂವರು ಸೋದರಿಯರಿಗೆ ಅಂಗಡಿಯ ಗಾಜಿನೊಳಗೆ ದೊರೆತಿರುವ ಈ ಕೀರ್ತಿಯನ್ನು ನೋಡಿ ಯಾರು ನಗಬೇಕೋ ಅವರು ನಗಲು ಉಳಿದಿಲ್ಲ.

ಬಂದವರಲ್ಲಿ ಅನೇಕರಿಗೆ ಊರು ಕೇವಲ ನೆಪ. ಅವರ ಕಣ್ಣು ಊರ ಹಿಂದಣ ಗುಡ್ಡದ ಬಯಲಿನ ಮೇಲೆ. ಮೂರು ಮೈಲಿಗೂ ಮಿಕ್ಕ ದಾರಿ ನಡೆದು, ಟಾಪ್ ವಿದೆನ್ಸ್ ಎಂಬ ಪಾಳುಬಿದ್ದ ಒಕ್ಕಲುಮನೆಯನ್ನು ಕಂಡು, ಎಮಿಲಿಯ ‘ವುದರಿಂಗ್ ಹೈಟ್ಸ್’ ಕಾದಂಬರಿಯ ಮನೆ ಇದೇ ಎಂದು ಕೃತಾರ್ಥರಾಗುವುದು ಅವರ ಸಂಕಲ್ಪ. ಜಪಾನಿನಿಂದ ಬರುವ ಭಕ್ತರು ಹೆಚ್ಚಾದುದರಿಂದ ದಾರಿಯ ಕೈಮರಗಳ ಮೇಲೆ ಜಪಾನಿ ಲಿಪಿಯನ್ನೂ ಬರೆಸಿದ್ದಾರೆ. ಆದರೆ ಅಷ್ಟು ದೂರ ನಡೆದು ಹೋದವನಿಗೆ ಆ ಮುರುಕುಗೋಡೆಯ ಮೇಲೆ ಎದುರಾಗುವುದು, 1964ರಲ್ಲಿ ಬ್ರಾಂಟೆ ಸೊಸೈಟಿಯವರು ಹಾಕಿಸಿದ ಒಂದು ಫಲಕ: ಈ ಕಟ್ಟಡ ನೆಟ್ಟಗಿದ್ದ ಕಾಲದಲ್ಲಿಯೂ ಕಾದಂಬರಿಯ ಮನೆಯನ್ನು ಹೋಲುತ್ತಿರಲಿಲ್ಲ, ಈ ನೆಲೆ ಮಾತ್ರ ಲೇಖಕಿಯ ಮನಸ್ಸಿನಲ್ಲಿದ್ದಿರಬಹುದು ಎಂಬುದು ಅದರ ತಾತ್ಪರ್ಯ. ಯಾತ್ರಾಸ್ಥಳಗಳಲ್ಲಿ ಇಷ್ಟು ನಿಷ್ಠುರವಾದ ಸ್ಥಳಪುರಾಣವನ್ನು ನಾನು ಬೇರೆಲ್ಲಿಯೂ ಓದಿಲ್ಲ.

ನಿಸರ್ಗಸೌಂದರ್ಯವೆಂದೊಡನೆ ಮಲೆನಾಡನ್ನು ನೆನೆಯುವ ನಮ್ಮವರಿಗೆ ಈ ಬಯಲು ಮೊದಲ ನೋಟಕ್ಕೆ ನಿರಾಶೆಯನ್ನೇ ತರುತ್ತದೆ. ಮರವಿಲ್ಲ, ನೆರಳಿಲ್ಲ, ಕಾಲಿಟ್ಟಲ್ಲಿ ಕಪ್ಪು ಜೌಗು, ತಲೆಯೆತ್ತಿದಲ್ಲಿ ಗಾಳಿ. ಬ್ರಾಂಟೆ ಜಲಪಾತವೆಂದು ಕರೆಯಿಸಿಕೊಳ್ಳುವ ನೀರಿನ ಎಳೆಯನ್ನು ಜೋಗವನ್ನು ಕಂಡವರ ಮುಂದೆ ಹೆಸರಿಸದಿರುವುದೇ ಮರ್ಯಾದೆ. ಆಗಸ್ಟ್ ತಿಂಗಳಲ್ಲಿ ಹೀದರ್ ಎಂಬ ಕುಳ್ಳು ಪೊದೆ ಹೂವಾಗಿ ಗುಡ್ಡವನ್ನೆಲ್ಲ ನೇರಳೆಯಾಗಿಸುವ ಕೆಲವು ವಾರಗಳನ್ನು ಬಿಟ್ಟರೆ ಉಳಿದ ಕಾಲವೆಲ್ಲ ಅಲ್ಲಿ ಕಂದುಬಣ್ಣದ ಏಕಚ್ಛತ್ರಾಧಿಪತ್ಯ. ಇಂಥ ನೆಲವನ್ನು ಪ್ರೀತಿಸಲು ಅದರ ಚೆಲುವಿನ ಹಂಗು ಇರಬಾರದು, ಅದರ ಬಳಕೆ ಇರಬೇಕು. ಎಮಿಲಿಯ ಪ್ರೀತಿ ಆ ಜಾತಿಯದು. 1835ರಲ್ಲಿ, ಹದಿನೇಳು ವರ್ಷದ ಆಕೆಯನ್ನು ರೋ ಹೆಡ್ಡಿನ ಶಾಲೆಗೆ ಕಳುಹಿಸಿದಾಗ, ಗುಡ್ಡವನ್ನು ಕಾಣದ ಆ ಹುಡುಗಿ ಕೆಲವೇ ತಿಂಗಳಲ್ಲಿ ಬಿಳಿಚಿ ಕೃಶಳಾಗಿ, ಮನೆಗೆ ಹಿಂದಿರುಗದಿದ್ದರೆ ಸಾಯುವಳೆಂದು ಅಲ್ಲಿಯೇ ಇದ್ದ ಅಕ್ಕ ಷಾರ್ಲೆಟ್ ದಿಗಿಲುಗೊಂಡಳು. ಮರಳಿದ ಮೇಲೆ ಆಕೆ ಹಿಟ್ಟು ನಾದುವಾಗ ಎದುರಿಗೆ ಜರ್ಮನ್ ಪುಸ್ತಕವನ್ನು ತೆರೆದಿಟ್ಟುಕೊಂಡು, ಬಿಡುವಾದಾಗ ಕೀಪರ್ ಎಂಬ ಭಾರಿ ನಾಯಿಯನ್ನು ಕರೆದುಕೊಂಡು ಬೆಟ್ಟಕ್ಕೆ ನಡೆದು, ತನ್ನ ಪಾಡಿಗೆ ತಾನು ಸ್ವಸ್ಥಳಾದಳು.

ಆದರೂ ಗುಡ್ಡಗಾಳಿಯೇ ಕಾದಂಬರಿಗಳನ್ನು ಬರೆಯಿತೆಂಬ ಕಾವ್ಯಮಯ ನಂಬಿಕೆಯನ್ನು ನಾನು ಒಪ್ಪಲಾರೆ. ಆ ಗಾಳಿಯನ್ನು ಕುಡಿದ ಕುರುಬರೂ ನೇಕಾರರೂ ಆ ಸೀಮೆಯಲ್ಲಿ ಸಾವಿರಗಟ್ಟಲೆ ಇದ್ದರು. ಕಾದಂಬರಿಗಳು ಹುಟ್ಟಿದ್ದು ಪಾದ್ರಿಯ ಮನೆಯ ಊಟದ ಕೋಣೆಯಲ್ಲಿ; ಮಸಿಯ ಕಲೆಗಳಿರುವ, ನಡುವೆ ಮೇಣದ ಬತ್ತಿಯಿಂದ ಸುಟ್ಟ ಗುರುತಿರುವ, ಯಾರೋ ‘ಇ’ ಎಂಬ ಇಂಗ್ಲಿಷ್ ಅಕ್ಷರವನ್ನು ಸಣ್ಣದಾಗಿ ಕೊರೆದಿರುವ ಒಂದು ಮೇಜಿನ ಸುತ್ತ. 1821ರಲ್ಲಿ ತಾಯಿಯನ್ನೂ, 1825ರಲ್ಲಿ ಹಿರಿಯ ಅಕ್ಕಂದಿರಿಬ್ಬರನ್ನೂ ಕಳೆದುಕೊಂಡ ನಾಲ್ವರು ಮಕ್ಕಳು, ಮರುವರ್ಷ ಪಾದ್ರಿಯಾದ ತಂದೆ ಲೀಡ್ಸಿನಿಂದ ಮಗ ಬ್ರಾನ್‌ವೆಲ್‌ಗೆಂದು ತಂದ ಮರದ ಸಿಪಾಯಿಗಳಿಗೆ ಹೆಸರಿಟ್ಟು, ರಾಜ್ಯಗಳನ್ನು ಹಂಚಿ, ಆ ರಾಜ್ಯಗಳ ಚರಿತ್ರೆಯನ್ನು ಅಂಗೈಯಲ್ಲಿ ಅಡಗುವ ಪುಸ್ತಕಗಳಲ್ಲಿ, ಭೂತಗನ್ನಡಿಯಿಲ್ಲದೆ ಓದಲಾಗದ ಅಕ್ಷರಗಳಲ್ಲಿ ಬರೆಯತೊಡಗಿದ್ದು ಈ ವ್ಯವಸಾಯದ ಆರಂಭ. ಬೆಳೆದ ಮೇಲೆಯೂ ಪದ್ಧತಿ ತಪ್ಪಲಿಲ್ಲ. ರಾತ್ರಿ ಒಂಬತ್ತಕ್ಕೆ ತಂದೆ ಗಡಿಯಾರಕ್ಕೆ ಕೀಲಿ ಕೊಟ್ಟು ಮಹಡಿ ಹತ್ತಿದೊಡನೆ ಸೋದರಿಯರು ಹೊಲಿಗೆಯನ್ನು ಬದಿಗಿಟ್ಟು, ಮೇಜಿನ ಸುತ್ತ ಪ್ರದಕ್ಷಿಣೆ ಬರುತ್ತ, ಅಂದಿನವರೆಗೆ ಬರೆದುದನ್ನು ಓದಿ, ಮುಂದಿನದನ್ನು ಚರ್ಚಿಸುತ್ತಿದ್ದರು. ನಾಯಿಕೆಯರನ್ನು ಸುಂದರಿಯರನ್ನಾಗಿಯೇ ಮಾಡುವ ಅಭ್ಯಾಸ ತಪ್ಪೆಂದು ತಂಗಿಯರೊಡನೆ ವಾದಿಸಿದ ಷಾರ್ಲೆಟ್, ತನ್ನಂತೆಯೇ ಕುಳ್ಳಾದ ಸಾಧಾರಣ ರೂಪಿನ ಹೆಣ್ಣೊಬ್ಬಳನ್ನು ನಿಲ್ಲಿಸಿ ತೋರಿಸುವೆನೆಂದು ಪಂತ ಕಟ್ಟಿದ ಫಲವಾಗಿ ಜೇನ್ ಐರ್ ಹುಟ್ಟಿದಳೆಂದು ಹೇಳುತ್ತಾರೆ.

ಸೋದರೀಭಾವವೆಂದರೆ ಸದಾ ಮಧುರವೆಂದು ಭಾವಿಸುವವರು ಒಡಹುಟ್ಟಿದವರಿಲ್ಲದವರೇ ಇರಬೇಕು. 1845ರ ಶರತ್ಕಾಲದಲ್ಲಿ ಎಮಿಲಿಯ ಕವಿತೆಗಳ ಹಸ್ತಪ್ರತಿ ಷಾರ್ಲೆಟ್ಟಳ ಕೈಗೆ ಸಿಕ್ಕಿತು. ಅನುಮತಿಯಿಲ್ಲದೆ ಓದಿದಳೆಂದು ಕೆರಳಿದ ತಂಗಿಯನ್ನು ಸಮಾಧಾನಪಡಿಸಲು ಗಂಟೆಗಳೂ, ಅಚ್ಚಿಗೆ ಒಪ್ಪಿಸಲು ದಿನಗಳೂ ಹಿಡಿದವು. ಮರುವರ್ಷ ಮೂವರ ಕವಿತೆಗಳು ಮೂವರ ಖರ್ಚಿನಲ್ಲಿಯೇ ಪ್ರಕಟವಾಗಿ, ಒಂದು ವರ್ಷದಲ್ಲಿ ಎರಡು ಪ್ರತಿಗಳು ಮಾರಾಟವಾದವು. ನಮ್ಮ ಕವಿಗಳು ಇದನ್ನು ಕೇಳಿ ಧೈರ್ಯ ತಾಳಬಹುದು. ಅದೇ 1846ರ ಆಗಸ್ಟಿನಲ್ಲಿ ತಂದೆಯ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಗೆಂದು ಮ್ಯಾಂಚೆಸ್ಟರಿನ ಬಾಡಿಗೆ ಕೋಣೆಯಲ್ಲಿದ್ದ ಷಾರ್ಲೆಟ್, ಒಬ್ಬ ಪ್ರಕಾಶಕ ತಿರಸ್ಕರಿಸಿದ ಮೊದಲ ಕಾದಂಬರಿಯ ಹಸ್ತಪ್ರತಿ ಹಿಂದಿರುಗಿರಲಾಗಿ, ಎದೆಗುಂದದೆ ‘ಜೇನ್ ಐರ್’ ಬರೆಯಲು ಕುಳಿತಳು. 1847ರ ಅಕ್ಟೋಬರಿನಲ್ಲಿ ಅದೂ, ಡಿಸೆಂಬರಿನಲ್ಲಿ ‘ವುದರಿಂಗ್ ಹೈಟ್ಸ್’ ಮತ್ತು ಆನ್‌ಳ ‘ಆಗ್ನೆಸ್ ಗ್ರೇ’ಯೂ ಹೊರಬಂದವು.

ಅನಂತರದ ಕಥೆಯನ್ನು ಬೇಗನೆ ಹೇಳಿ ಮುಗಿಸುವುದು ಲೇಸು. 1848ರ ಸೆಪ್ಟೆಂಬರಿನಲ್ಲಿ ಬ್ರಾನ್‌ವೆಲ್, ಡಿಸೆಂಬರಿನಲ್ಲಿ ಎಮಿಲಿ, ಮರುವರ್ಷದ ಮೇ ತಿಂಗಳಲ್ಲಿ ಆನ್. 1850ರಲ್ಲಿ ಊರಿನ ನೀರನ್ನೂ ನೈರ್ಮಲ್ಯವನ್ನೂ ಪರಿಶೀಲಿಸಿದ ಸರಕಾರಿ ವರದಿಯು, ಅಲ್ಲಿ ಸತ್ತವರ ಸರಾಸರಿ ವಯಸ್ಸು ಇಪ್ಪತ್ತಾರನ್ನೂ ಮುಟ್ಟುತ್ತಿರಲಿಲ್ಲವೆಂದು ದಾಖಲಿಸಿತು. ಗಾಳಿಯನ್ನು ಹಾಡಿ ಹೊಗಳುವವರು ನೀರಿನ ಈ ಸಂಗತಿಯನ್ನೂ ಅರಿತಿರಬೇಕು. ಷಾರ್ಲೆಟ್ ಒಬ್ಬಳೇ ಆ ಮೇಜಿನ ಸುತ್ತ ರಾತ್ರಿ ನಡೆಯುತ್ತಿದ್ದುದನ್ನು ಮನೆಯ ಸೇವಕಿ ಮುಂದೆ ನೆನೆದು ಹೇಳಿದ್ದಾಳೆ. ಕೇಳುವವರಿಲ್ಲದ ಆ ಕೋಣೆಯಲ್ಲಿ ಅರ್ಧದಲ್ಲಿ ನಿಂತಿದ್ದ ‘ಷರ್ಲಿ’ಯನ್ನು ಆಕೆ ಪೂರೈಸಿದಳು. ಅದರ ನಾಯಿಕೆಯನ್ನು, ಆರೋಗ್ಯವೂ ಐಶ್ವರ್ಯವೂ ಇದ್ದಿದ್ದರೆ ಎಮಿಲಿ ಹೇಗಿರುತ್ತಿದ್ದಳೋ ಹಾಗೆ ಚಿತ್ರಿಸಿದ್ದಾಳೆಂದು ಪ್ರತೀತಿ. ಗುಡ್ಡಕ್ಕೆ ಹೋದರೆ ಹೀದರ್ ದಿಬ್ಬವೂ ಬಾನಾಡಿಯೂ ಎಮಿಲಿಯನ್ನು, ದಿಗಂತದ ನೀಲಿ ಆನ್‌ಳನ್ನು ನೆನಪಿಗೆ ತರುತ್ತವೆಂದು ಆಕೆ ಕಾಗದವೊಂದರಲ್ಲಿ ಬರೆದಳು. ಒಂದೇ ಬಯಲು ಒಬ್ಬಳಿಗೆ ಕಾಲಬುಡದಲ್ಲಿ, ಇನ್ನೊಬ್ಬಳಿಗೆ ದೂರದಲ್ಲಿ ಪ್ರಿಯವಾಗಿತ್ತೆಂಬುದನ್ನು ಹೀಗೆ ಕಂಡುಕೊಳ್ಳಲು ಅಕ್ಕನೇ ಆಗಬೇಕು.

ಆದರೆ ಆ ಅಕ್ಕನೇ, ಆನ್ ಬರೆದ ‘ದಿ ಟೆನೆಂಟ್ ಆಫ್ ವೈಲ್ಡ್‌ಫೆಲ್ ಹಾಲ್’ ಎಂಬ ಎರಡನೆಯ ಕಾದಂಬರಿ ವಸ್ತುವಿನ ಆಯ್ಕೆಯಲ್ಲಿಯೇ ತಪ್ಪೆಂದು ಬಗೆದು, ಅದರ ಮರುಮುದ್ರಣಕ್ಕೆ ಸಮ್ಮತಿಸಲಿಲ್ಲ. ಕುಡುಕ ಗಂಡನನ್ನು ತೊರೆದು, ಮಗನನ್ನು ಕರೆದುಕೊಂಡು, ಚಿತ್ರ ಬರೆದು ಜೀವಿಸುವ ಹೆಂಗಸಿನ ಆ ಕಥೆ, ಕುಡಿತದಿಂದ ಕೆಟ್ಟ ತಮ್ಮನನ್ನು ಹತ್ತಿರದಿಂದ ನೋಡಿದ್ದ ಆಕೆಗೆ ಸಹಿಸಲಾಗದೆ ಹೋದುದು ಸಹಜವೇ ಇರಬಹುದು. ಆದರೂ ತೀರ್ಪು ಅನ್ಯಾಯದ್ದು. ಹಾವರ್ತಿಗೆ ಹೋಗುವ ಯೋಗವುಳ್ಳವರು ಹೊರಡುವ ಮೊದಲು ಆ ಪುಸ್ತಕವನ್ನು ಓದಿಕೊಳ್ಳಿ. ಹೋಗಲಾಗದವರು ಅದನ್ನು ಓದಿದರೆ ಟಾಪ್ ವಿದೆನ್ಸ್‌ವರೆಗಿನ ನಡಿಗೆ ತಪ್ಪಿತೆಂದು ಮರುಗಬೇಕಾಗಿಲ್ಲ.