ಹಳದಿ ಅಕ್ಷರದ ಎಚ್ಚರಿಕೆ

ಪೈಥಾನ್ ಪ್ಯಾಕೇಜ್ ಹಾಕುವಾಗ ಹಳದಿ ಅಕ್ಷರ ಕಂಡರೆ ತಂಡದ ಹೊಸ ಹುಡುಗರು ಮೊದಲು ಕೇಳುವುದು, ಇದನ್ನು ಬಾಯಿ ಮುಚ್ಚಿಸುವುದು ಹೇಗೆ ಎಂದು. ಪಿಪ್‌ನ ಹೊಸ ಆವೃತ್ತಿ ಬಂದಿದೆ ಎನ್ನುವ ಸೂಚನೆಯಾದರೆ ಧಾರಾಳವಾಗಿ ಮುಚ್ಚಿಸಿ ಅನ್ನುತ್ತೇನೆ. ಎಲ್ಲವೂ ಹಾಗಲ್ಲ.

ಡಿಸ್ಟ್‌ಯುಟಿಲ್ಸ್ ಎಂಬ ಹಳೆಯ ಭಾಗವನ್ನು 3.12ರಲ್ಲಿ ತೆಗೆಯುತ್ತೇವೆಂದು 2021ರಲ್ಲಿ ಬಂದ ಪೈಥಾನ್ 3.10 ಎಚ್ಚರಿಸುತ್ತಲೇ ಇತ್ತು. 2023ರಲ್ಲಿ ತೆಗೆದೇಬಿಟ್ಟರು. ನಮ್ಮಲ್ಲೊಂದು ಹಳೆಯ ಪ್ರಾಜೆಕ್ಟ್ ಹೊಸ ಆವೃತ್ತಿಯಲ್ಲಿ ಓಡಲೇ ಇಲ್ಲ. ಎಚ್ಚರಿಕೆಗಳನ್ನೆಲ್ಲ ಯಾರೋ ಒಂದೇ ಸಾಲಿನಲ್ಲಿ ಅಡಗಿಸಿಟ್ಟಿದ್ದರು. ಅವರು ಕೆಲಸ ಬಿಟ್ಟು ವರ್ಷವಾಗಿತ್ತು. ಹುಡುಕಿ ಸರಿಮಾಡಲು ಎರಡು ದಿನ ಹಿಡಿಯಿತು.

ಈಗ ಪ್ರಾಜೆಕ್ಟಿಗೊಂದು ವೆನ್ವ್, ಆವೃತ್ತಿ ನಮೂದಿಸಿದ ರಿಕ್ವೈರ್‌ಮೆಂಟ್ಸ್ ಫೈಲ್, ಕೊನೆಗೆ ಪಿಪ್ ಚೆಕ್. ಮುಚ್ಚಿಸಲೇಬೇಕಾದರೆ ಆ ಒಂದು ಎಚ್ಚರಿಕೆಯನ್ನಷ್ಟೇ ಮುಚ್ಚಿಸಿ, ಕಾರಣವನ್ನು ಪಕ್ಕದಲ್ಲೇ ಬರೆದಿಡಿ. ನಮ್ಮ ನಂತರ ಬರುವವರಿಗೆ ಅಷ್ಟಾದರೂ ಬೇಡವೇ?